ಎಸಿ ಸರ್ವಿಸ್‌ಗೆ ಕರೆಯುವ ಮೊದಲು ಅಟ್ಟದ ಡಕ್ಟ್ ನೋಡಿ

ಎಸಿ ಓಡುತ್ತಲೇ ಇದೆ, ಒಂದು ಕೋಣೆ ಮಾತ್ರ ತಣ್ಣಗಾಗುತ್ತಿಲ್ಲ ಅಲ್ವಾ? ಸುಮ್ನೆ ಮೆಷಿನ್ ಬದಲಿಸಲು ಹೋಗಬೇಡಿ. ಟಾರ್ಚ್ ಹಿಡಿದು ಅಟ್ಟ ಹತ್ತಿ, ಎಸಿಯ ತಂಪು ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆ, ಅಂದರೆ ಡಕ್ಟ್, ನೋಡಿ. ಬೆಳಗ್ಗೆ ಬೇಗ ಹತ್ತಿದರೆ ಒಳ್ಳೆಯದು, ಮಧ್ಯಾಹ್ನ ಅಲ್ಲಿ ಸೆಕೆ ತಡೆಯಲಾಗದು. ಮರದ ತೊಲೆಗಳ ಮೇಲೇ ಕಾಲಿಡಿ. ನಡುವಿನ ಸೀಲಿಂಗ್ ಭಾರ ತಡೆಯುವುದಿಲ್ಲ.

ಮೊದಲು ಜೋಡಣೆಗಳನ್ನು ನೋಡಿ. ಎಸಿ ಹಾಕಿ, ಪ್ರತಿ ಜಾಯಿಂಟ್ ಸುತ್ತ ಒದ್ದೆ ಅಂಗೈ ಹಿಡಿಯಿರಿ. ಗಾಳಿ ಸೋರುತ್ತಿದ್ದರೆ ತಣ್ಣಗೆ ತಾಗುತ್ತದೆ. ಸುತ್ತಲಿನ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಮೇಲೆ ಕಪ್ಪು ಧೂಳಿನ ಗೆರೆ ಕಂಡರೂ ಅಲ್ಲಿ ಸೋರಿಕೆ ಇದೆಯೆಂದೇ ಅನುಮಾನಿಸಿ. ಗಾಳಿ ವಾಪಸ್ ಎಳೆಯುವ ರಿಟರ್ನ್ ಡಕ್ಟ್‌ನಲ್ಲಿ ಸಂದು ಬಿಟ್ಟಿದ್ದರೆ ಇನ್ನೂ ಕೆಟ್ಟದ್ದು. ಅಟ್ಟದ ಬಿಸಿ ಗಾಳಿ, ಧೂಳು ಎಲ್ಲ ಮನೆಯೊಳಗೆ ಬರುತ್ತವೆ.

ಬಟ್ಟೆಯ ಡಕ್ಟ್ ಟೇಪ್ ಬೇಡವೇ ಬೇಡ. ಅಟ್ಟದ ಬಿಸಿಗೆ ಅಂಟು ಒಣಗಿ, ಸಿಪ್ಪೆಯಂತೆ ಏಳುತ್ತದೆ. ಬ್ರಷ್‌ನಲ್ಲಿ ಬಳಿಯುವ ಮಾಸ್ಟಿಕ್ ಎಂಬ ಸಂದು ಮುಚ್ಚುವ ಅಂಟು ಹಚ್ಚಿ. ಇಲ್ಲವೇ ಡಕ್ಟ್‌ಗೆಂದೇ ಬರುವ ಫಾಯಿಲ್ ಟೇಪ್, ಅದೂ ಧೂಳು ಒರೆಸಿದ ಮೇಲೆ.

ಬಳುಕುವ ಫ್ಲೆಕ್ಸ್ ಪೈಪ್ ಜೋತುಬಿದ್ದಿದ್ದರೆ, ಮಡಚಿಕೊಂಡಿದ್ದರೆ ಗಾಳಿಗೆ ಅಲ್ಲೇ ತಡೆಯಾಗುತ್ತದೆ. ಅಗಲ ಪಟ್ಟಿಯಿಂದ ಎತ್ತಿ ಕಟ್ಟಿ, ಬಿಗಿದು ಹಿಸುಕಬೇಡಿ. ಡಕ್ಟ್ ಮೇಲೆ ನೀರಿನ ಹನಿ ಕಂಡರೆ ಇನ್ಸುಲೇಷನ್ ಹರಿದಿದೆಯೇ ನೋಡಿ. ಬೂಷ್ಟು (ಫಂಗಸ್) ಜಾಸ್ತಿ ಇದ್ದರೆ ಮಾತ್ರ ನೀವೇ ಮುಟ್ಟಬೇಡಿ, ತಿಳಿದವರನ್ನು ಕರೆಸಿ.