ಕನ್ನಡಿಯಲ್ಲಿ ತಿರುಗದ ಒಂದು ಪದ

"ಮೈ ಫಾದರ್ ಆಲ್ವೇಸ್ ಗಲ್ಫ್ ಇನ್ ಈಸ್. ಟೂ ಇಯರ್ಸ್ ಒನ್ಸ್ ಹೌಸ್ ಟು ಕಮ್ಸ್."

ಮನೆಯವರ ಬಗ್ಗೆ ಹತ್ತು ವಾಕ್ಯ ಬರೆಯಿರಿ ಎಂದದ್ದಕ್ಕೆ ಏಳನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದು ತಂದಿದ್ದಳು. ಕಾಸರಗೋಡಿನ ಬದಿಯಡ್ಕದ ಆಚೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಇಂಥ ವಾಕ್ಯಗಳಿಗೆ ಕೆಂಪು ಗೆರೆ ಎಳೆದೇ ಎಷ್ಟೋ ವರ್ಷ ಕಳೆದಿದ್ದೆ. ಅವತ್ತು ಯಾಕೋ ಗೆರೆ ಎಳೆಯುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿದೆ. ಒಂದು ಪದವೂ ದಿಕ್ಕು ತಪ್ಪಿ ಬಿದ್ದಿರಲಿಲ್ಲ. "ಅಪ್ಪ ಯಾವಾಗಲೂ ಗಲ್ಫಿನಲ್ಲಿ ಇರುತ್ತಾರೆ, ಎರಡು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ" ಎಂಬುದನ್ನು ಅವಳು ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಇಟ್ಟು ಕಟ್ಟಿದ್ದಳು. ಅಷ್ಟು ಶಿಸ್ತಾಗಿ ಕನ್ನಡದಲ್ಲಿ ಯೋಚಿಸಿದ ಮಗುವಿಗೆ "ತಪ್ಪು" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿ ಕೊಡುವುದು ನನಗೆ ಸರಿ ಕಾಣಲಿಲ್ಲ.

ಅಲ್ಲಿಯವರೆಗೆ ನಾನು ಕಲಿಸುತ್ತಿದ್ದದ್ದು ಬೋರ್ಡಿನ ಮೇಲಿನ ಒಂದು ಸೂತ್ರ: ಆಲ್ವೇಸ್, ಯೂಷುವಲಿ, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್ ಇವು ಕ್ರಿಯಾಪದದ ಮೊದಲು, 'ಈಸ್, ಆರ್, ವಾಸ್' ಇದ್ದರೆ ಅದರ ನಂತರ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಿದ್ದರು. ಬಿಟ್ಟ ಸ್ಥಳ ತುಂಬಿಸಿ ಎಂದರೆ ಹತ್ತಕ್ಕೆ ಹತ್ತು. ಸ್ವಂತ ವಾಕ್ಯ ಬರೆಯಿರಿ ಎಂದ ಕೂಡಲೇ ಸೂತ್ರ ಎಲ್ಲಿಗೋ ಹೋಗುತ್ತಿತ್ತು. ಯಾಕೆಂದರೆ ಸ್ವಂತ ವಾಕ್ಯದಲ್ಲಿ ಆ ಒಂದು ಪದ ಮಾತ್ರ ಬರುವುದಿಲ್ಲವಲ್ಲ. ಎಲ್ಲಿಗೆ, ಯಾವುದರಲ್ಲಿ, ಯಾವಾಗ ಎಂಬ ಗುಂಪುಗಳೂ ಜೊತೆಗೆ ಬರುತ್ತವೆ. ಅವುಗಳ ಮಧ್ಯೆ ಈ ಪದ ಎಲ್ಲಿ ನಿಲ್ಲಬೇಕು ಎಂದು ನಾನು ಹೇಳಿಯೇ ಇರಲಿಲ್ಲ.

ಮರುದಿನ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಪಟ್ಟಿಯಾಗಿ ಕತ್ತರಿಸಿ ಹಿಂಬದಿಯಲ್ಲಿ ಒಂದೊಂದು ಪದ ಬರೆದೆ. ಆರು ಮಕ್ಕಳು ಅವನ್ನು ಹಿಡಿದು ಸಾಲಾಗಿ ನಿಂತರು: ಅಮ್ಮ, ಸಾಮಾನ್ಯವಾಗಿ, ಭಾನುವಾರ, ಬಸ್ಸಿನಲ್ಲಿ, ಮಧೂರಿಗೆ, ಹೋಗುತ್ತಾರೆ. ಅದರ ಇಂಗ್ಲಿಷನ್ನು ಬೋರ್ಡಿನಲ್ಲಿ ಬರೆದೆ: "ಮದರ್ ಯೂಷುವಲಿ ಗೋಸ್ ಟು ಮಧೂರ್ ಬೈ ಬಸ್ ಆನ್ ಸಂಡೇಸ್." ಇನ್ನು ಬೋರ್ಡಿನಲ್ಲಿ ಇದ್ದ ಹಾಗೆ ನೀವೇ ಜಾಗ ಬದಲಿಸಿ ಎಂದೆ. 'ಹೋಗುತ್ತಾರೆ' ಹಿಡಿದವನು ಕೊನೆಯಿಂದ ಹೊರಟು ಮೂರನೆಯವನಾಗಿ ಬಂದು ನಿಂತ. ಅವನ ಪಕ್ಕಕ್ಕೆ 'ಮಧೂರಿಗೆ', ಆಮೇಲೆ 'ಬಸ್ಸಿನಲ್ಲಿ', ಕಟ್ಟಕಡೆಗೆ 'ಭಾನುವಾರ'. ನಾಲ್ಕು ಜನ ಪೂರ್ತಿ ತಿರುಗಿ ಹೋಗಿದ್ದರು, ಕನ್ನಡಿಯಲ್ಲಿ ಕಂಡ ಹಾಗೆ. 'ಅಮ್ಮ' ಮತ್ತು 'ಸಾಮಾನ್ಯವಾಗಿ' ಮಾತ್ರ ನಿಂತಲ್ಲೇ ನಿಂತಿದ್ದರು.

"ಟೀಚರ್, ಇವಳು ಕದಲ್ಲೇ ಇಲ್ಲ!" ಎಂದು 'ಸಾಮಾನ್ಯವಾಗಿ' ಹಿಡಿದವಳನ್ನು ತೋರಿಸಿ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಸೂತ್ರ ಸಿಕ್ಕಿದ್ದು ಅವನಿಂದ. ಕರ್ತೃವಿನ ಹಾಗೆ ಎಷ್ಟು ಸಲ ಎಂದು ಹೇಳುವ ಪದವೂ ಕದಲುವುದಿಲ್ಲ, ಉಳಿದದ್ದೆಲ್ಲ ತಿರುಗುತ್ತದೆ. ಪಟ್ಟಿಯ ಒಳಗೂ ಅದೇ ಕಥೆ. ಮಧೂರಿ-ಗೆ ಎಂಬಲ್ಲಿ 'ಗೆ' ಹಿಂದೆ ಇದೆ, 'ಟು ಮಧೂರ್' ಎನ್ನುವಾಗ ಮುಂದೆ ಬರುತ್ತದೆ. 'ಗಲ್ಫ್ ಇನ್' ಎಂದು ಬರೆದ ಹುಡುಗಿ ತನ್ನ ಪಟ್ಟಿಯನ್ನು ತಾನೇ ಹರಿದು ಮುಂದುಹಿಂದು ಮಾಡಿ ಅಂಟಿಸಿದಳು.

ಈ ಕನ್ನಡಿಯನ್ನು ಕಣ್ಣುಮುಚ್ಚಿ ನಂಬಬಾರದು. 'ಬೈ ಬಸ್ ಟು ಮಧೂರ್' ಎಂದರೂ ಇಂಗ್ಲಿಷ್ ಒಪ್ಪುತ್ತದೆ. 'ಆನ್ ಸಂಡೇಸ್' ಅನ್ನು ಎತ್ತಿ ವಾಕ್ಯದ ತಲೆಯ ಮೇಲೂ ಇಡಬಹುದು. ಮೊದಲ ಹೆಜ್ಜೆಗೆ ಒಂದು ಊರುಗೋಲು ಬೇಕಿತ್ತು, ಅದು ಸಿಕ್ಕಿತು.

ತೊಡಕಾದದ್ದು 'ಈಸ್' ಬಂದಾಗ. ಕನ್ನಡಿಯ ಲೆಕ್ಕದಲ್ಲಿ "ಫಾದರ್ ಆಲ್ವೇಸ್ ಈಸ್ ಇನ್ ದ ಗಲ್ಫ್" ಆಗಬೇಕು. ಆದರೆ ಸಾಮಾನ್ಯವಾಗಿ ಹೇಳುವುದು "ಫಾದರ್ ಈಸ್ ಆಲ್ವೇಸ್ ಇನ್ ದ ಗಲ್ಫ್". ಇದಕ್ಕೆ ನಾನು ಪ್ರಶ್ನೆಯ ದಾರಿ ಹಿಡಿದೆ. ಪ್ರಶ್ನೆ ಕೇಳುವಾಗ ಕರ್ತೃವನ್ನು ದಾಟಿ ಮುಂದೆ ಹಾರಬಲ್ಲ ಕ್ರಿಯಾಪದ ಯಾವುದು? 'ಈಸ್' ಹಾರುತ್ತದೆ: "ಈಸ್ ಫಾದರ್ ಇನ್ ದ ಗಲ್ಫ್?" 'ಕ್ಯಾನ್' ಹಾರುತ್ತದೆ, 'ವಿಲ್' ಹಾರುತ್ತದೆ. 'ಗೋಸ್' ಹಾರುವುದಿಲ್ಲ, ಅದಕ್ಕೆ 'ಡಸ್' ಎಂಬ ಆಳು ಬೇಕು. ಹಾರಬಲ್ಲದ್ದು ಆಲ್ವೇಸನ್ನೂ ದಾಟಿ ಮುಂದೆ ಕೂರುತ್ತದೆ, ಹಾರಲಾರದ್ದು ಹಿಂದೆ ಉಳಿಯುತ್ತದೆ. ಬೋರ್ಡಿನ ಸೂತ್ರಕ್ಕಿಂತ ಇದು ಮಕ್ಕಳಿಗೆ ಬೇಗ ಹತ್ತಿತು, ಯಾಕೆಂದರೆ ಪರೀಕ್ಷಿಸಿ ನೋಡಲು ಅವರ ಕೈಯಲ್ಲೇ ಒಂದು ಉಪಾಯ ಉಂಟು.

ಇದಕ್ಕೆ ಒಳ್ಳೆಯ ಉದಾಹರಣೆ ಕೊಟ್ಟದ್ದು ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ. ನಮ್ಮ ಮಕ್ಕಳಿಗೆಲ್ಲ ಅದರ ಕಥೆ ಗೊತ್ತು. "ಬಬಿಯಾ ಈಸ್ ಆಲ್ವೇಸ್ ಇನ್ ದ ಲೇಕ್" ಎಂದು ನಾನು ಹಿಂದೆ ಬರೆಸುತ್ತಿದ್ದೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡ ಮೇಲೆ 'ಈಸ್' ಹೋಗಿ 'ವಾಸ್' ಬಂತು. ಕಾಲ ಬದಲಾದರೂ ಆಲ್ವೇಸ್ ತನ್ನ ಜಾಗ ಬಿಡಲಿಲ್ಲ.

'ಅಲ್ಲಿ' ಎಂಬ ಪ್ರತ್ಯಯದ್ದು ಬೇರೆಯೇ ತಾಪತ್ರಯ. ಗಲ್ಫಿನಲ್ಲಿ ಎಂದರೆ 'ಇನ್', ಬಸ್ಸಿನಲ್ಲಿ ಎಂದರೆ 'ಬೈ', ರಾತ್ರಿಯಲ್ಲಿ ಎಂದರೆ 'ಎಟ್'. ಇದಕ್ಕೆ ಉಪಾಯವಿಲ್ಲ, ಬರೆದು ಬರೆದು ರೂಢಿಯಾಗಬೇಕು. 'ಎರಡು ವರ್ಷಕ್ಕೊಮ್ಮೆ', 'ದಿನಾ', 'ವಾರಕ್ಕೆರಡು ಸಲ' ಇವೂ ಎಷ್ಟು ಸಲ ಎಂದೇ ಹೇಳುತ್ತವೆ, ಆದರೆ ಇಂಗ್ಲಿಷಿನಲ್ಲಿ ಆಲ್ವೇಸಿನ ಪಕ್ಕ ನಿಲ್ಲುವುದಿಲ್ಲ. 'ಎವ್ರಿ ಡೇ', 'ಟ್ವೈಸ್ ಎ ವೀಕ್', 'ಒನ್ಸ್ ಇನ್ ಟೂ ಇಯರ್ಸ್' ಎಂದು 'ಆನ್ ಸಂಡೇಸ್' ಇರುವ ಬಾಲದ ಕಡೆಗೆ ಹೋಗುತ್ತವೆ. "ಐ ಎವ್ರಿ ಡೇ ಗೋ" ಎಂಬುದನ್ನು ಬಿಡಿಸಲು ನನಗೆ ಒಂದು ಇಡೀ ಟರ್ಮ್ ಬೇಕಾಯಿತು.

ನನಗೆ ಅತ್ಯಂತ ಇಷ್ಟದ ಪಾಠ 'ನೆವರ್'. ನಮ್ಮ ತರಗತಿಯಲ್ಲಿ ಕನ್ನಡದ ಜೊತೆ ತುಳು, ಮಲಯಾಳ ಮನೆಮಾತಿನ ಮಕ್ಕಳೂ ಇದ್ದಾರೆ. ಯಾವಾಗಲೂ ಎಂಬುದಕ್ಕೆ ನಿಮ್ಮ ಮನೆಯಲ್ಲಿ ಎಂತ ಹೇಳುತ್ತಾರೆ ಎಂದು ಕೇಳಿದೆ. ತುಳುವಿನವರು 'ಏಪಲಾ' ಎಂದರು, ಮಲಯಾಳದವರು 'ಎಪ್ಪೋಳುಂ' ಎಂದರು. ಮೂರನ್ನೂ ಬೋರ್ಡಿನಲ್ಲಿ ಒಡೆದು ಬರೆದೆ. ಯಾವಾಗ, ಏಪ, ಎಪ್ಪೋಳ್ ಮೂರೂ ಪ್ರಶ್ನೆಯ ಪದಗಳು, ಅದಕ್ಕೊಂದು 'ಊ', 'ಲಾ', 'ಉಂ' ಬಾಲ. ಆಮೇಲೆ ಇಲ್ಲ ಎನ್ನುವ ಮಾತು ಕೇಳಿದೆ. ಎಂದೂ ಬರುವು'ದಿಲ್ಲ', ಏಪಲಾ ಬರ್ಪು'ಜಿ', ಒರಿಕ್ಕಲುಂ ವರಿಲ್ಲ. ಮೂರರಲ್ಲೂ 'ಇಲ್ಲ' ಕ್ರಿಯಾಪದದ ತುದಿಯಲ್ಲಿದೆ. ಅದಕ್ಕೇ ನಮ್ಮ ಮಕ್ಕಳು "ಶಿ ನೆವರ್ ಡಸ್ ನಾಟ್ ಕಮ್ ಲೇಟ್" ಎಂದು ಬರೆಯುವುದು. ಇಂಗ್ಲಿಷಿನ ನೆವರ್ ಆ 'ಇಲ್ಲ'ವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಮತ್ತೊಂದು 'ನಾಟ್' ಹಾಕಿದರೆ ಅವಳು ಪ್ರತಿ ಸಲವೂ ತಡವಾಗಿಯೇ ಬರುತ್ತಾಳೆ ಎಂದಾಗಿಬಿಡುತ್ತದೆ.

ಇತ್ತೀಚೆಗೆ ಹತ್ತನೆಯವರಿಗೆ ಇನ್ನೂ ಸೂಕ್ಷ್ಮವಾದದ್ದನ್ನು ಕೊಡುತ್ತಿದ್ದೇನೆ. "ಐ ಯೂಷುವಲಿ ಗೋ ಟು ದ ಲೈಬ್ರರಿ ಆನ್ ಸ್ಯಾಟರ್ಡೇಸ್" ಒಂದು. "ಐ ಗೋ ಟು ದ ಲೈಬ್ರರಿ, ಯೂಷುವಲಿ ಆನ್ ಸ್ಯಾಟರ್ಡೇಸ್" ಇನ್ನೊಂದು. ಎರಡನೆಯದರಲ್ಲಿ ಯೂಷುವಲಿ ಕ್ರಿಯಾಪದವನ್ನು ಬಿಟ್ಟು ಶನಿವಾರಕ್ಕೇ ಅಂಟಿಕೊಂಡಿದೆ. ವ್ಯತ್ಯಾಸ ಎಂತದು ಎಂದು ಕೇಳಿದರೆ ಮೊದಲು ಯಾರೂ ಬಾಯಿ ಬಿಡಲಿಲ್ಲ. ಕನ್ನಡದಲ್ಲಿ ಹೇಳಿ ನೋಡಿ ಎಂದಾಗ ಒಬ್ಬ ಹುಡುಗ ನಿಧಾನಕ್ಕೆ ಹೇಳಿದ: "ಶನಿವಾರ ಬಂದರೆ ನಾನು ಸಾಮಾನ್ಯವಾಗಿ ಲೈಬ್ರರಿಗೆ ಹೋಗುತ್ತೇನೆ. ಮತ್ತೊಂದು... ನಾನು ಲೈಬ್ರರಿಗೆ ಹೋಗುವುದುಂಟು, ಹೋಗುವುದು ಸಾಮಾನ್ಯವಾಗಿ ಶನಿವಾರ." ಇಡೀ ವಿಷಯ ಅದರಲ್ಲಿತ್ತು. "ವೆನ್ ಡು ಯು ಸ್ಟಡಿ?" ಎಂದು ಕೇಳಿದರೆ "ಯೂಷುವಲಿ ಎಟ್ ನೈಟ್" ಎಂದಷ್ಟೇ ಉತ್ತರ ಕೊಡಬಹುದು ಎಂಬುದು ಅದಾದ ಮೇಲೆ ಅವರಿಗೆ ಹೇಳದೆಯೇ ಬಂತು.

ಗಲ್ಫಿನ ಅಪ್ಪನ ಮಗಳು ಈಗ ಎಂಟನೆಯಲ್ಲಿದ್ದಾಳೆ. ಅದೇ ಹತ್ತು ವಾಕ್ಯವನ್ನು ಈ ವರ್ಷ ಪುನಃ ಬರೆಸಿದೆ. "ಮೈ ಫಾದರ್ ಈಸ್ ರೇರ್ಲಿ ಎಟ್ ಹೋಮ್. ಹಿ ಕಮ್ಸ್ ಒನ್ಸ್ ಇನ್ ಟೂ ಇಯರ್ಸ್. ಹಿ ಆಲ್ವೇಸ್ ಕಾಲ್ಸ್ ಅಸ್ ಎಟ್ ನೈಟ್." ಪುಸ್ತಕ ವಾಪಸು ಕೊಡುವಾಗ ಅವಳು ಕೇಳಿದಳು, "ಟೀಚರ್, ಆಲ್ಮೋಸ್ಟ್ ಅಂತ ಉಂಟಲ್ಲ, ಅದನ್ನು ಆಲ್ವೇಸಿನ ಮೊದಲು ಹಾಕಬಹುದಾ? ಮೊನ್ನೆ ಎರಡು ದಿನ ಅಪ್ಪ ಫೋನ್ ಮಾಡಲಿಲ್ಲ."

ಹಾಕಬಹುದು ಎಂದೆ.