ಕಟ್ಟ ಎಣಿಸುವುದು ಬಿಟ್ಟು ಬಾವಿಗೆ ಹಗ್ಗ ಇಳಿಸಿದೆ

ಕಾಸರಗೋಡಿನ ಎಣ್ಮಕಜೆ, ಬದಿಯಡ್ಕ ಕಡೆ ಒಂದು ಸಂಸ್ಥೆಯ ನೀರಿನ ಯೋಜನೆಯಲ್ಲಿ ಮೂರು ವರ್ಷ ಮಾನಿಟರಿಂಗ್, ಅಂದರೆ ಕೆಲಸದಿಂದ ಏನಾಯಿತು ಎಂದು ಅಳೆದು ಬರೆಯುವ ಕೆಲಸ ಮಾಡಿದೆ. ಊರಿನವರಿಗೆ ನಾನು ‘ಲೆಕ್ಕದವ’. ಬೇಸಿಗೆಗೆ ಮೊದಲು ತೋಡುಗಳಿಗೆ (ಸಣ್ಣ ಹಳ್ಳಗಳಿಗೆ) ಕಟ್ಟ, ಅಂದರೆ ನೀರು ತಡೆಯುವ ತಾತ್ಕಾಲಿಕ ಒಡ್ಡು ಹಾಕಿಸುವುದು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದು ಈಗ ಮಣ್ಣು ಕುಸಿದ ಸುರಂಗಗಳನ್ನು ಬಿಡಿಸುವುದು, ನೀರು ಕೈಕೊಟ್ಟ ವರ್ಷವೂ ಮನೆಗಳು ತಾಳಿಕೊಳ್ಳುವಂತೆ ಮಾಡುವುದು, ಇಷ್ಟೇ ಯೋಜನೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೆ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು, ಮುರಕಲ್ಲಿನ ಗುಡ್ಡ ಇಳಿದು ಸಮುದ್ರಕ್ಕೆ ಹೋಗುತ್ತದೆ. ಮಾರ್ಚ್ ಬಂತೆಂದರೆ ಅಡಿಕೆ ತೋಟದವರು ಆಕಾಶ ನೋಡಲು ಶುರು.

ಮೊದಲು ಎಡವಿದ್ದು ಮನೆಮನೆಯಲ್ಲಿ ಕೇಳುವ ಪ್ರಶ್ನೆಗಳ ಫಾರ್ಮಿನಲ್ಲಿ. ಅದು ಇಂಗ್ಲಿಷ್‌ನಲ್ಲಿ ಹುಟ್ಟಿ ಮಲಯಾಳದಲ್ಲಿ ಬಂತು, ಇಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ. ‘ರೆಸಿಲಿಯನ್ಸ್’ಗೆ ನಾನು ಕಷ್ಟಪಟ್ಟು ‘ಪುಟಿದೇಳುವ ಸಾಮರ್ಥ್ಯ’ ಎಂದು ಬರೆದಿದ್ದೆ. ಓದಿ ಹೇಳಿದರೆ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನು ‘ಬೇಸಿಗೆಯಲ್ಲಿ ನೀರು ಉಂಟಾ’ ಎಂದು ಕೇಳಿದರೆ ಗಂಡಸರು ‘ಉಂಟು, ಉಂಟು’ ಎನ್ನುವುದು, ಒಳಗಿನಿಂದ ಹೆಂಗಸರು ನಗುವುದು.

ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ. ಬಾವಿಯ ತಳ ಕಂಡದ್ದು ವಿಷುವಿಗೆ ಮೊದಲಾ, ಪತ್ತನಾಜೆಗೆ ಮೊದಲಾ? ವಿಷು ಹಬ್ಬ ಏಪ್ರಿಲ್ ಮಧ್ಯಕ್ಕೆ, ತುಳುವರ ಪತ್ತನಾಜೆ ದಿನ ಮೇ ಕೊನೆಯ ವಾರದ ಹೊತ್ತಿಗೆ, ಹಾಗಾಗಿ ಹೆಚ್ಚುಕಮ್ಮಿ ತಾರೀಕೇ ಸಿಗುತ್ತದೆ. ಇನ್ನೊಂದು, ನೀರು ನಿಂತಾಗ ಮೊದಲು ಏನು ಮಾಡಿದಿರಿ, ಆಮೇಲೆ ಏನು? ಇದನ್ನು ಅಡುಗೆಮನೆ ಜಗಲಿಯಲ್ಲಿ ಕೂತು ಹೆಂಗಸರಲ್ಲೇ ಕೇಳಬೇಕು. ಮೊದಲು ಬಸಳೆ ಚಪ್ಪರಕ್ಕೆ ನೀರು ನಿಲ್ಲಿಸಿದ್ದು, ಮತ್ತೆ ತೋಟಕ್ಕೆ ನೀರು ಬಿಡುವ ಸರದಿ ದೂರ ಮಾಡಿದ್ದು, ದನ ಮಾರಿದ್ದು, ಕೊನೆಗೆ ಬಂಗಾರ ಅಡವಿಟ್ಟದ್ದು. ಒಂದು ಮನೆ ಈ ಮೆಟ್ಟಿಲಲ್ಲಿ ಎಷ್ಟು ಕೆಳಗೆ ಇಳಿಯಿತು ಅನ್ನುವುದೇ ನನಗೆ ಬೇಕಾದ ಅಳತೆ. ಪುಟಿದೇಳುವ ಸಾಮರ್ಥ್ಯವನ್ನು ಹೊಡೆದು ಹಾಕಿದೆ.

ಬಾವಿ ಅಳೆಯಲು ಹಗ್ಗ, ತುದಿಗೆ ಕಬ್ಬಿಣದ ನಟ್ಟು, ಮೀಟರಿಗೊಂದು ಕೆಂಪು ಟೇಪು. ಡಿಸೆಂಬರ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ಅಳೆದು ಬರೆಯುತ್ತಿದ್ದರು. ಸುಲಭ ಅಂದುಕೊಂಡಿದ್ದೆ. ಪಂಪು ಓಡಿಸಿದ ಮೇಲೆ ಅಳೆದರೆ ಲೆಕ್ಕ ಹಾಳು, ಹಾಗಾಗಿ ಬೆಳಿಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು. ಒಂದು ಬಾವಿಯಲ್ಲಿ ನೀರು ಹದಿನೈದೇ ದಿನದಲ್ಲಿ ಒಂದೂವರೆ ಅಡಿ ಇಳಿದಿತ್ತು. ಗಾಬರಿಯಾಗಿ ಓಡಿ ಹೋಗಿ ನೋಡಿದರೆ, ಮಗು ಬಿದ್ದೀತು ಅಂತ ಆ ಮನೆಯವರು ಬಾವಿಕಟ್ಟೆಯನ್ನೇ ಎರಡು ಸಾಲು ಕಲ್ಲು ಏರಿಸಿದ್ದರು! ಅವತ್ತಿನಿಂದ ಎಲ್ಲಾ ಬಾವಿಯ ಒಳಗೋಡೆಗೆ ಪೇಂಟಿನಲ್ಲಿ ಒಂದು ಗೆರೆ, ಅಳೆಯುವುದು ಅಲ್ಲಿಂದಲೇ.

ಕಟ್ಟದ ಹತ್ತಿರದ ಬಾವಿಗಳ ಜೊತೆಗೆ ಕಟ್ಟವೇ ಇಲ್ಲದ ತೋಡಿನ ಬಳಿಯ ಕೆಲವು ಬಾವಿಗಳನ್ನೂ ಅಳೆದದ್ದು ಒಳ್ಳೆಯದಾಯಿತು. ಮೊದಲ ವರ್ಷ ಹತ್ತಿರದವುಗಳಲ್ಲಿ ನೀರು ಚೆನ್ನಾಗಿ ನಿಂತಿತು, ನಮ್ಮ ಆಫೀಸಿನವರಿಗೆ ಖುಷಿಯೋ ಖುಷಿ. ದೂರದವುಗಳಲ್ಲೂ ಹಾಗೇ ನಿಂತಿತ್ತು! ಬೇಸಿಗೆ ಮಳೆ ಬೇಗ ಬಂದಿತ್ತು, ಅಷ್ಟೇ. ಕಟ್ಟದಿಂದ ಆಯಿತು ಎಂದು ಬರೆಯಲು ಒತ್ತಾಯ ಬಂತು. ಬರೆಯಲಿಲ್ಲ. ಸ್ವಲ್ಪ ಮಾತೂ ಆಯಿತು.

ಆದರೆ ನಾನು ಅಳೆಯದೆ ಬಿಟ್ಟದ್ದನ್ನು ತೋರಿಸಿದ್ದು ಒಬ್ಬರು ಅಜ್ಜಿ. ‘ಮಗಾ, ಕಟ್ಟ ಮಳೆಗಾಲಕ್ಕೆ ಹೇಗೂ ಕೊಚ್ಚಿಹೋಗುತ್ತದೆ. ಬರುವ ವರ್ಷ ಯಾರು ಕಟ್ಟುತ್ತಾರೆ, ಅದನ್ನು ಬರಿ’ ಎಂದರು. ನಿಜ ಅಲ್ವಾ? ಮಣ್ಣು, ಕಲ್ಲಿನ ಕಟ್ಟವನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು. ನಾನು ಸುಮ್ನೆ ಕಟ್ಟಗಳ ಫೋಟೋ ತೆಗೆದು ಎಣಿಸುತ್ತಿದ್ದೆ.

ದುಡ್ಡು ನಿಂತ ಮೇಲಿನ ಡಿಸೆಂಬರಿನಲ್ಲಿ ಹೋಗಿ ನೋಡಿದೆ. ಯೋಜನೆಯ ಹನ್ನೊಂದು ಕಟ್ಟಗಳಲ್ಲಿ ಮತ್ತೆ ಎದ್ದದ್ದು ನಾಲ್ಕೇ. ಕೂಲಿ ಕೊಟ್ಟು ಕಟ್ಟಿಸಿದ ಕಡೆ ‘ಈ ಸಲ ದುಡ್ಡು ಬರಲಿಲ್ವಾ’ ಎಂದು ನನ್ನನ್ನೇ ಕೇಳಿದರು. ಎದ್ದ ನಾಲ್ಕು ಕಡೆ ತೋಡಿನ ಎರಡೂ ದಡದವರು ಯಾವ ಮನೆಯಿಂದ ಎಷ್ಟು ಆಳು ಎಂದು ಮೊದಲಿನಿಂದಲೇ ಹಂಚಿಕೊಂಡಿದ್ದರು, ನಾವು ಕೊಟ್ಟದ್ದು ಪ್ಲಾಸ್ಟಿಕ್ ಶೀಟು ಮಾತ್ರ. ಕೊನೆಯ ವರದಿಯ ಮೊದಲ ಪುಟದಲ್ಲಿ ಈ ನಾಲ್ಕನ್ನೇ ಹಾಕಿದೆ, ಹನ್ನೊಂದು ಒಳಗೆಲ್ಲೋ ಇದೆ. ಈ ಡಿಸೆಂಬರಿನಲ್ಲೂ ಒಮ್ಮೆ ಹೋಗಬೇಕು. ಯೋಜನೆ ಮುಗಿದಿದೆ, ಬಸ್ಸಿನ ಖರ್ಚು ನನ್ನದೇ.