ಇಪ್ಪತ್ತು ನಿಮಿಷಕ್ಕೆ ದಮ್ಮು ಕಳೆದುಕೊಳ್ಳುವ ಟ್ರ್ಯಾಕ್ಟರ್: ಟ್ಯಾಂಕಿನಿಂದ ಪಂಪಿನವರೆಗೆ ಹುಡುಕಿದ ಬಗೆ

ರೊಬಸ್ಟಾ ಕಾಫಿ ತೋಟಕ್ಕೆ ಹೂವಿನ ನೀರು (ಹೂ ಅರಳಿಸುವ ನೀರು) ಹೊಡೆಯುವ ಫೆಬ್ರವರಿ, ಮಾರ್ಚ್‌ನಲ್ಲಿ ಸಣ್ಣ ಟ್ರ್ಯಾಕ್ಟರಿನ ಎಂಜಿನ್‌ಗೆ ಬೀಳುವಷ್ಟು ಸತತ ಭಾರ ವರ್ಷದ ಬೇರೆ ಕೆಲಸದಲ್ಲಿ ಬೀಳುವುದು ಕಡಿಮೆ. ಟ್ರೈಲರ್ ಎಳೆಯುವಾಗ ಏರು ಮುಗಿದರೆ ಇಳಿಜಾರು ಬರುತ್ತದೆ. ಗದ್ದೆ ಉಳುವಾಗ ಬದುವಿನ ಬಳಿ ತಿರುಗಿಸುವಷ್ಟು ಹೊತ್ತಾದರೂ ಬಿಡುವಿರುತ್ತದೆ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನಿಂದ, ಅಂದರೆ ಪಿಟಿಒದಿಂದ, ಓಡುವ ನೀರಿನ ಪಂಪು ಹಾಗಲ್ಲ, ಕೆರೆಯ ದಂಡೆಯಲ್ಲಿ ನಿಂತಲ್ಲೇ ಗಂಟೆಗಟ್ಟಲೆ ಒಂದೇ ಸಮ ಎಳೆಯಬೇಕು. ಅಡಗಿ ಕುಳಿತ ದೋಷ ಹೊರಬರುವುದು ಆಗಲೇ.

ಕೊಡಗಿನ ಅಮ್ಮತ್ತಿ ಕಡೆಯ ತೋಟವೊಂದರಲ್ಲಿದ್ದ ಮೂರು ಸಿಲಿಂಡರಿನ, 24 ಎಚ್‌ಪಿ ಟ್ರ್ಯಾಕ್ಟರಿನ ಲಕ್ಷಣ ಹೀಗಿತ್ತು. ಬೆಳಿಗ್ಗೆ ಚಾಲೂ ಮಾಡಿ ಪಿಟಿಒ ವೇಗವನ್ನು 540 ಆರ್‌ಪಿಎಂಗೆ ತಂದರೆ ನೀರಿನ ಪಂಪಿನ ಗೇಜ್ 4 ಕೆಜಿ ಒತ್ತಡ ತೋರಿಸುತ್ತಿತ್ತು. ಇಪ್ಪತ್ತು ನಿಮಿಷದ ಹೊತ್ತಿಗೆ ಮುಳ್ಳು ನಿಧಾನವಾಗಿ ಜಾರಿ 3ಕ್ಕೆ ಬರುತ್ತಿತ್ತು, ತುದಿಯ ಜೆಟ್‌ಗಳು ತಿರುಗುವುದು ನಿಲ್ಲುತ್ತಿತ್ತು. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ 4. ಶೆಡ್ಡಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಯಾವ ತೊಂದರೆಯೂ ಇಲ್ಲ. ಡೀಸೆಲ್ ಪಂಪ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳುಹಿಸುವ ಪಂಪು) ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸಿ ಎಂಬ ಸಲಹೆ ಅದಾಗಲೇ ಬಂದಾಗಿತ್ತು.

ಡೀಸೆಲ್ ಪಂಪನ್ನು ಕೊನೆಗೆ ಮುಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಂಪಿನ ಎಲಿಮೆಂಟ್ (ಒಳಗೆ ಡೀಸೆಲನ್ನು ಒತ್ತುವ ಭಾಗ) ಸವೆದಿದ್ದರೆ ಮೊದಲ ನಿಮಿಷದಿಂದಲೇ ಶಕ್ತಿ ಕಡಿಮೆ ಇರುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹತ್ತು ನಿಮಿಷ ವಿಶ್ರಾಂತಿ ಕೊಟ್ಟರೆ ಸವೆದ ಎಲಿಮೆಂಟ್ ಚಿಗುರುವುದಿಲ್ಲ. ಶಕ್ತಿ ಯಾವಾಗ ಇಳಿಯುತ್ತದೆ, ಯಾವಾಗ ಮರಳುತ್ತದೆ ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಮೊದಲು ದೋಷ ಎಂಜಿನ್‌ನದೇ ಹೌದೋ ಎಂದು ಖಚಿತ ಮಾಡಿಕೊಂಡೆ. ಕೆರೆಯಲ್ಲಿ ಸಿಲ್ವರ್ ಓಕ್ ಎಲೆ ಹೀರುಕೊಳವೆಯ ತುದಿಯ ಫುಟ್‌ವಾಲ್ವಿನ ಜಾಲರಿಗೆ ಅಂಟಿದರೂ ಗೇಜ್ ಇಳಿಯುತ್ತದೆ. ಆದರೆ ಆಗ ಪಂಪಿಗೆ ನೀರು ಕಡಿಮೆಯಾಗಿ ಭಾರ ಹಗುರಾಗುತ್ತದೆ, ಎಂಜಿನ್ ಸದ್ದು ಸ್ವಲ್ಪ ಮೇಲೇರುತ್ತದೆ. ಇಲ್ಲಿ ಗೇಜಿನ ಜೊತೆಗೆ ಆರ್‌ಪಿಎಂ ಕೂಡ ಇಳಿಯುತ್ತಿತ್ತು. ಕ್ಲಚ್ ಸ್ಲಿಪ್ ಆದರೂ ಗೇಜ್ ಇಳಿಯುತ್ತದೆ, ಆದರೆ ಆಗ ಎಂಜಿನ್ ಆರ್‌ಪಿಎಂ ನಿಂತಲ್ಲೇ ಇದ್ದು ಪಿಟಿಒ ಮಾತ್ರ ನಿಧಾನವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಟ್ರೈಲರ್ ಎಳೆಯುವಾಗಿನ ದೂರಾದರೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಬೇಕು. ಕೆಸರುಗದ್ದೆಯಲ್ಲಿ ಓಡಿದ ಡ್ರೈ ಬ್ರೇಕುಗಳು ತುಕ್ಕು ಹಿಡಿದು ಬಿಡಿಸಿಕೊಳ್ಳುವುದಿಲ್ಲ. ಸ್ವಲ್ಪ ದೂರ ಓಡಿಸಿ ಇಳಿದು ಎರಡೂ ಹಬ್ ಹತ್ತಿರ ಕೈ ಒಡ್ಡಿದರೆ ಬಿಸಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಈ ಗೇಜ್ ಒಳ್ಳೆಯ ಅಳತೆಗೋಲು. ಸೆಂಟ್ರಿಫ್ಯೂಗಲ್ ಪಂಪಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ, ಅದು ಬೇಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 4ರಿಂದ 3ಕ್ಕೆ ಇಳಿದರೆ ವೇಗ ಸುಮಾರು ಶೇ. 13ರಷ್ಟು ಬಿದ್ದಿದೆ, ಪಂಪಿಗೆ ಸಿಗುತ್ತಿರುವ ಶಕ್ತಿ ಸುಮಾರು ಮೂರರಲ್ಲಿ ಒಂದು ಭಾಗ ಕಳೆದಿದೆ ಎಂದರ್ಥ. ನೀರು ಗುಡ್ಡ ಹತ್ತಬೇಕಾದ ಕಡೆ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ, ಅಂದಾಜಿಗೆ ಇಷ್ಟು ಸಾಕು. ಮೂರನೇ ಒಂದು ಭಾಗ ಹೋಗುವುದೆಂದರೆ ಟ್ಯಾಪೆಟ್ (ಎಂಜಿನ್ ವಾಲ್ವ್ ತೆರೆಯುವ ಭಾಗ) ಸಡಿಲದಂಥ ಸಣ್ಣ ಕಾರಣವಲ್ಲ.

ಮುಂದಿನದು ಹೊಗೆ. ಶಕ್ತಿ ಇಳಿಯುವ ಹೊತ್ತಿಗೆ ಸೈಲೆನ್ಸರ್ ಬಾಯಿ ನೋಡುತ್ತ ನಿಂತೆ. ಕಪ್ಪು ಹೊಗೆ ಹೆಚ್ಚಾದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲದು ಎಂದರ್ಥ. ಇಲ್ಲಿ ಉಲ್ಟಾ, ಭಾರ ಹಾಗೆಯೇ ಇದ್ದರೂ ಹೊಗೆ ತೆಳುವಾಗುತ್ತ ಬಂತು. ಡೀಸೆಲ್ಲೇ ತಲುಪುತ್ತಿಲ್ಲ. ಏರ್ ಫಿಲ್ಟರ್, ಸೈಲೆನ್ಸರ್ ಎರಡನ್ನೂ ಪಟ್ಟಿಯ ಕೆಳಗೆ ಹಾಕಿದೆ.

ಸ್ಪ್ಯಾನರ್ ಹಿಡಿಯುವ ಮುನ್ನ ಖರ್ಚಿಲ್ಲದ ಎರಡು ತಪಾಸಣೆ. ಕೈ ಆಕ್ಸಿಲರೇಟರ್ ಪೂರ್ತಿ ಎಳೆದಾಗ ಡೀಸೆಲ್ ಪಂಪಿನ ಮೇಲಿನ ಲಿವರ್ ತನ್ನ ಸ್ಟಾಪ್ ಬೋಲ್ಟಿಗೆ ತಾಗಬೇಕು. ನಡುವೆ 3-4 ಮಿ.ಮೀ. ಸಂದು ಉಳಿದರೂ ವೇಗ ಪೂರ್ತಿ ಬರುವುದಿಲ್ಲ. ರಾಡ್ ಉದ್ದ ಹೊಂದಿಸಬೇಕೇ ಹೊರತು ಸೀಲ್ ಮಾಡಿದ ಸ್ಕ್ರೂ ಮುಟ್ಟಬಾರದು. ಹಾಗೆಯೇ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್. ನಮ್ಮ ಮಳೆಗೆ ಅದರ ಒಳತಂತಿ ತುಕ್ಕು ಹಿಡಿದು ಗುಬುಟು ಒಳಗೆ ಹೋದಂತೆ ಕಂಡರೂ ಪಂಪಿನ ಕಡೆ ಅರ್ಧಕ್ಕೆ ನಿಂತಿರುತ್ತದೆ. ಇದರಲ್ಲಿ ಎರಡೂ ಸರಿಯಿದ್ದವು.

ಬಳಿಕ, ಗೇಜ್ 3ಕ್ಕೆ ಬಂದ ಹೊತ್ತಿನಲ್ಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. ಮುಚ್ಚಳದ ಉಸಿರುತೂತನ್ನು ಕಣಜ ಮಣ್ಣು ಮೆತ್ತಿ ಮುಚ್ಚುವುದು ಇಲ್ಲಿ ತೀರ ಮಾಮೂಲು. ಆಗ ಒಳಗೆ ನಿರ್ವಾತ ಉಂಟಾಗಿ ಡೀಸೆಲ್ ಕೆಳಗಿಳಿಯುವುದಿಲ್ಲ. ಮುಚ್ಚಳ ತಿರುಗಿಸಿದೊಡನೆ ಸುಂಯ್ ಎಂದು ಗಾಳಿ ಒಳಹೋಗಿ ಒಂದೆರಡು ನಿಮಿಷದಲ್ಲಿ ಎಂಜಿನ್ ಚೇತರಿಸಿಕೊಳ್ಳುತ್ತದೆ. ಇಲ್ಲಿ ಸದ್ದೂ ಬರಲಿಲ್ಲ, ಚೇತರಿಕೆಯೂ ಇರಲಿಲ್ಲ.

ಉಳಿದದ್ದು ಬಾಟಲಿ ಪರೀಕ್ಷೆ. 24 ಎಚ್‌ಪಿ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು 5 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 80-90 ಮಿ.ಲೀ. ಭಾರವಿಲ್ಲದೆ ರೇಸ್ ಕೊಟ್ಟಾಗ ಇದರ ಸಣ್ಣ ಪಾಲು ಸಾಕು, ಹಾಗಾಗಿಯೇ ಶೆಡ್ಡಿನಲ್ಲಿ ದೋಷ ಕಾಣುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಟ್ಯಾಂಕಿನಿಂದ ಫೀಡ್ ಪಂಪಿಗೆ (ಟ್ಯಾಂಕಿನ ಡೀಸೆಲನ್ನು ಹೀರಿ ಮುಂದಕ್ಕೆ ಕಳುಹಿಸುವ ಸಣ್ಣ ಪಂಪು) ಬರುವ ಹೋಸನ್ನು ಬಿಚ್ಚಿ, ಒಂದು ಲೀಟರಿನ ಅಳತೆ ಬಾಟಲಿಗಳಿಗೆ ಬಿಟ್ಟು ನಿಮಿಷ ನಿಮಿಷಕ್ಕೂ ಎಣಿಸಿದೆ. ಮೊದಲ ನಿಮಿಷ 600 ಮಿ.ಲೀ., ಎರಡನೆಯದು 450, ಮೂರನೆಯದು 300, ನಾಲ್ಕನೆಯದು 150. ಆಮೇಲೆ ದಾರ ಕಡಿದು ತೊಟ್ಟಿಕ್ಕತೊಡಗಿತು. ಒಟ್ಟು ಒಂದೂವರೆ ಲೀಟರ್. ಇಪ್ಪತ್ತು ನಿಮಿಷದಲ್ಲಿ ಎಂಜಿನ್ ಕುಡಿಯುವುದೂ ಹೆಚ್ಚುಕಡಿಮೆ ಅಷ್ಟೇ! ಅಷ್ಟು ಡೀಸೆಲ್ ಹರಿಯುವಷ್ಟರಲ್ಲಿ ಏನೋ ಒಂದು ಬಂದು ಟ್ಯಾಂಕಿನ ಬಾಯಿಗೆ ಕೂರುತ್ತಿದೆ, ಹರಿವು ನಿಂತರೆ ತಾನಾಗಿ ಕಳಚಿ ಕೆಳಗೆ ಬೀಳುತ್ತಿದೆ. ಒಂದೇ ನಿಮಿಷ ಬಿಟ್ಟು ನೋಡಿ 'ಚೆನ್ನಾಗಿ ಬರ್ತಿದೆ' ಎಂದು ಹೋಸ್ ಸಿಕ್ಕಿಸಿಬಿಟ್ಟಿದ್ದರೆ ಈ ದೋಷ ಸಿಗುತ್ತಿರಲಿಲ್ಲ. ಕನಿಷ್ಠ ಐದು ನಿಮಿಷ ಬಿಡಲೇಬೇಕು.

ಟ್ಯಾಂಕ್ ಖಾಲಿ ಮಾಡಿ ಡೀಸೆಲನ್ನು ಬಿಳಿ ಬಕೆಟಿಗೆ ಬಿಟ್ಟು ಒಂದು ಗಂಟೆ ಅಲುಗಿಸದೆ ಇಟ್ಟೆ. ತಳದಲ್ಲಿ ಅರ್ಧ ಲೋಟದಷ್ಟು ನೀರು, ಅದರ ಮೇಲೆ ಕಂದು ಬಣ್ಣದ ಲೋಳೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಗುವ ಲೋಳೆ ಅದು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಗದ್ದೆ ಕೆಲಸ ಮುಗಿಸಿ, ಅರ್ಧ ಟ್ಯಾಂಕಿನಲ್ಲಿ ಡಿಸೆಂಬರಿನ ಕಾಫಿ ಕೊಯ್ಲಿನವರೆಗೆ ನಿಂತ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯ. ಟ್ಯಾಂಕಿನ ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ಗೋಡೆಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ.

ಟ್ಯಾಂಕನ್ನು ಪಟ್ಟಿ ಬಿಚ್ಚಿ ಇಳಿಸಿದೆ. ಎರಡು ಲೀಟರ್ ಶುದ್ಧ ಡೀಸೆಲ್ ಹಾಕಿ ಕುಲುಕಿ ಚೆಲ್ಲುವುದು, ಹೀಗೆ ಮೂರು ಸಲ. ಮೂರನೆಯ ಸಲ ಹೊರಬಂದದ್ದು ತಿಳಿಯಾಗಿತ್ತು. ನೀರಿನಲ್ಲಿ ತೊಳೆಯಬಾರದು, ಹತ್ತಿ ವೇಸ್ಟ್ ಒಳಗೆ ಹಾಕಿ ಒರೆಸಬಾರದು. ಅದರ ಎಳೆಗಳೇ ಮುಂದೆ ಜಾಲರಿ ಕಟ್ಟುತ್ತವೆ. ಔಟ್‌ಲೆಟ್ಟಿನ ಹಿತ್ತಾಳೆ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಮುಚ್ಚಳ ತೆರೆದಿಟ್ಟು ಹೊರಗಿನಿಂದ ಒಳಕ್ಕೆ ಮೆಲ್ಲಗೆ ಗಾಳಿ ಹೊಡೆದೆ. ರಬ್ಬರ್ ಹೋಸನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಪದರ ಉಬ್ಬಿ ಅರ್ಧ ದಾರಿ ಮುಚ್ಚಿತ್ತು. ಹೊರಗಿನಿಂದ ಹೊಸದರಂತೆಯೇ ಇದ್ದುದರಿಂದ ಇದನ್ನು ಯಾರೂ ಅನುಮಾನಿಸಿರಲಿಲ್ಲ. ಅದೇ ಅಳತೆಯ ಡೀಸೆಲ್ ಹೋಸ್ ಹೊಸದು, ಕ್ಲಿಪ್ಪುಗಳೂ ಹೊಸವು. ಎರಡೂ ಡೀಸೆಲ್ ಫಿಲ್ಟರ್ ಬದಲಿಸಿದೆ. ಫಿಲ್ಟರ್ ಬಟ್ಟಲಿಗೆ ಕ್ಯಾನಿನಿಂದ ನೇರ ಡೀಸೆಲ್ ಸುರಿದು ಕೂರಿಸುವ ರೂಢಿಯಿದೆ. ಎರಡನೆಯ ಫಿಲ್ಟರಿನಲ್ಲಿ ಹಾಗೆ ಮಾಡಿದರೆ ಸೋಸದ ಕಸ ನೇರ ಪಂಪಿಗೆ ಹೋಗಬಹುದು, ಆದ್ದರಿಂದ ಖಾಲಿಯೇ ಕೂರಿಸಿ ಫೀಡ್ ಪಂಪಿನ ಕೈಲಿವರಿನಿಂದ ತುಂಬಿಸುತ್ತೇನೆ.

ಏರ್ ತೆಗೆಯುವುದು ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ, ಅನುಕ್ರಮ ತಪ್ಪಬಾರದು. ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪಂಪ್ ಮಾಡಿ, ಹರಿಯುತ್ತಿರುವಾಗಲೇ ಬಿಗಿ ಮಾಡುವುದು. ಆಮೇಲೆ ಎರಡನೆಯದು, ಆಮೇಲೆ ಡೀಸೆಲ್ ಪಂಪಿನದು. ಕೊನೆಗೆ ನಾಝಲ್ ಪೈಪುಗಳ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದು, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡುವು. ನಾಝಲ್ ಪೈಪಿನ ಸೋರಿಕೆಯನ್ನು ಬರಿಗೈಯಲ್ಲಿ ಮುಟ್ಟಿ ನೋಡಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಬೆರಳು ಕಳೆದುಕೊಳ್ಳುವ ಮಟ್ಟಕ್ಕೆ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಮತ್ತೆ ಭಾರ ಹಾಕಿದಾಗ ಗೇಜ್ 4ಕ್ಕೆ ಬಂದರೂ ನಡುನಡುವೆ ಸಣ್ಣಗೆ ನಡುಗುತ್ತಿತ್ತು. ಫೀಡ್ ಪಂಪಿನ ಹೊರದಾರಿಗೆ ಒಂದಡಿ ಪಾರದರ್ಶಕ ಹೋಸ್ ಸೇರಿಸಿ ನೋಡಿದರೆ ಗುಳ್ಳೆಗಳ ಸಾಲು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗ ಹೀರುವ ಕಡೆ. ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು, ಹಾಗಾಗಿ ಹೊರಗೆ ಒದ್ದೆ ಕಾಣುವುದಿಲ್ಲ. ಹೋಸನ್ನು ಜೋಡಿಸುವ ಬ್ಯಾಂಜೋ ಬೋಲ್ಟಿನ (ಒಳಗೆ ತೂತಿರುವ ಬೋಲ್ಟು) ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದು ತಪ್ಪಾಗಿತ್ತು. ಹೊಸ ವಾಷರ್ ಎರಡೂ ಬದಿಗೆ ಹಾಕಿದ ಮೇಲೆ ಗುಳ್ಳೆ ನಿಂತಿತು, ಮುಳ್ಳು ಎರಡು ಗಂಟೆ 4ರಲ್ಲೇ ಕದಲದೆ ನಿಂತಿತು. ಡೀಸೆಲ್ ಪಂಪಿಗೆ ಸ್ಪ್ಯಾನರ್ ತಾಗಿದ್ದು ಏರ್ ತೆಗೆಯಲು ಮಾತ್ರ.

ಹೊಗೆ ಕಪ್ಪಾಗಿದ್ದರೆ ದಾರಿಯೇ ಬೇರೆ. ಕಾಫಿ ಕಣದ ಸಿಪ್ಪೆ ಧೂಳು ಏರ್ ಫಿಲ್ಟರಿಗೆ ಬಹಳ ಕೆಟ್ಟದ್ದು. ಎಣ್ಣೆಯಲ್ಲಿ ಧೂಳು ಹಿಡಿಯುವ ಆಯಿಲ್ ಬಾತ್ ಫಿಲ್ಟರ್ ಆದರೆ ಬೋಗುಣಿಯ ಎಣ್ಣೆ ಗೆರೆಗೆ ಸರಿಯಾಗಿರಬೇಕು. ಹೆಚ್ಚು ಹಾಕಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡಬಹುದು. ಮಳೆಗಾಲದಲ್ಲಿ ಎಣ್ಣೆ ಹಾಲಿನಂತಾಗಿದ್ದರೆ ನೀರು ಸೇರಿದೆ, ಚೆಲ್ಲಿಬಿಡಿ. ಕಾಗದದ ಫಿಲ್ಟರಾದರೆ ತೊಳೆಯಬಾರದು. ಒಳಗಿನಿಂದ ಹೊರಕ್ಕೆ 2 ಬಾರ್ ಮೀರದ ಗಾಳಿ, ಒಳಗೆ ಬಲ್ಬ್ ಹಿಡಿದಾಗ ತೂತು ಕಂಡರೆ ಹೊಸದು. ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ಕೊಳವೆಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು. ಸೈಲೆನ್ಸರ್ ಒಳತಗಡು ತುಕ್ಕು ಹಿಡಿದು ಬಿದ್ದು ದಾರಿ ಮುಚ್ಚಿದ್ದರೆ ಮ್ಯಾನಿಫೋಲ್ಡ್ ಬಳಿ ಸಡಿಲಿಸಿ ಒಂದು ನಿಮಿಷ ಓಡಿಸಿದಾಗ ಎಂಜಿನ್ ತಟ್ಟನೆ ಹಗುರಾಗುತ್ತದೆ.

ಒಂದು ಸಿಲಿಂಡರ್ ಮಾತ್ರ ಸೋತಿದ್ದರೆ ಸದ್ದೇ ಕುಂಟುತ್ತದೆ. ಐಡ್ಲಿಂಗ್‌ನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಬಟ್ಟೆ ಹೊದಿಸಿ ಅರ್ಧ ಸುತ್ತು ಸಡಿಲಿಸಿದಾಗ ಯಾವುದರಲ್ಲಿ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಆ ನಾಝಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ದೋಷವೂ ಜೊತೆಗೆ ಹೋದರೆ ನಾಝಲ್ ಟೆಸ್ಟಿಂಗ್‌ಗೆ, ಅಲ್ಲೇ ಉಳಿದರೆ ಟ್ಯಾಪೆಟ್ ಅಳತೆ, ಆಮೇಲೆ ಕಂಪ್ರೆಷನ್. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಡುತ್ತಿದ್ದರೆ ರಿಂಗ್ ಸವೆದಿದೆ. ಟ್ಯಾಪೆಟ್ ಸಂದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಕಂಪನಿ ಪುಸ್ತಕದ ಅಂಕಿಯನ್ನೇ ಹಿಡಿಯಬೇಕು.

ಆ ತೋಟದ ಡೀಸೆಲ್ ಬ್ಯಾರೆಲ್ ಶೆಡ್ಡಿನ ಸೂರಿನಡಿ ನೆಟ್ಟಗೆ ನಿಂತಿತ್ತು, ಹೆಂಚಿನ ಹನಿ ಅದರ ಮೇಲೇ ಬೀಳುವ ಹಾಗೆ. ಬ್ಯಾರೆಲ್ ತಲೆಯ ಮೇಲೆ ನೀರು ನಿಂತರೆ, ರಾತ್ರಿ ತಣಿದು ಒಳಗಿನ ಗಾಳಿ ಕುಗ್ಗುವಾಗ ಬಿರಡೆಯ ಎಳೆಗಳ ಮೂಲಕ ಆ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಈಗ ಅದು ಒಳಗೆ ಮರದ ಕೊರಡುಗಳ ಮೇಲೆ, ಬಿರಡೆಯ ಕಡೆ ಎತ್ತರವಾಗಿ ಓರೆಯಾಗಿ ಮಲಗಿದೆ. ತುಂಬಿದ ಮೇಲೆ ಒಂದು ದಿನ ಅಲುಗಿಸದೆ ಬಿಟ್ಟು, ತಳದ ನಾಲ್ಕೈದು ಲೀಟರ್ ಉಳಿಸಿ, ಮೇಲಿನದನ್ನು ಮಾತ್ರ ಕೈಪಂಪಿನಲ್ಲಿ ತೆಗೆಯುತ್ತಾರೆ. ಮಳೆಗಾಲದಲ್ಲಿ ಕೆಲಸ ಮುಗಿದ ಸಂಜೆಯೇ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸುತ್ತಾರೆ, ಮೊದಲ ಫಿಲ್ಟರಿನ ತಳದ ಸ್ಕ್ರೂ ತಿರುಗಿಸಿ ನೀರು ಬಿಡುವುದು ವಾರಕ್ಕೊಮ್ಮೆ.